ಮೂವರು ಸರಿಪಡಿಸಿದ ಪೆಟ್ಟಿಗೆ

ಸೊಸೆ ಆಪರೇಶನ್ನಿಗೆಂದು ಆಸ್ಪತ್ರೆಗೆ ಹೊರಡುವಾಗ ಅಜ್ಜಿಯ ವಶಕ್ಕೆ ಕೊಟ್ಟುಹೋದದ್ದು ಎರಡು. ಒಂದು, ಎತ್ತಿಕೊಂಡರೆ ತೋಳಿಗೇ ಗೊತ್ತಾಗದಷ್ಟು ಹಗುರವಾದ ಮೊಮ್ಮಗ. ಇನ್ನೊಂದು, ನಡುಮನೆಯ ಮೂಲೆಯಲ್ಲಿ ಗುರ್‌ಗುಡುತ್ತ ಕೂತಿದ್ದ, ಮೇಲ್ಮುಚ್ಚಳದ ಪುಟ್ಟ ಫ್ರೀಜರು. ಮೊದಲನೆಯದರ ಹೊಟ್ಟೆ ತುಂಬಬೇಕಾದರೆ ಎರಡನೆಯದರ ಹೊಟ್ಟೆ ತಣ್ಣಗಿರಬೇಕಿತ್ತು.

ಕೂಸು ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಹುಟ್ಟಿದ್ದು. ಮೊದಲ ಸಲ ನೋಡಿದಾಗ ಅಜ್ಜ, ತನ್ನ ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣದಿರಲೆಂದು, "ಬಂದ್ರಪ್ಪ ಪೈಲ್ವಾನರು" ಎಂದಿದ್ದ. ಹೆಸರು ಹಾಗೇ ನಿಂತುಬಿಟ್ಟಿತು. ಡಬ್ಬದ ಪುಡಿಹಾಲು ಪೈಲ್ವಾನನಿಗೆ ಸೇರದು. ಒಂದೇ ಒಂದು ಸಲ ಕುಡಿಸಿ ನೋಡಿದ್ದಕ್ಕೆ ಹೊಟ್ಟೆ ತಮಟೆಯಂತೆ ಬಿಗಿದು, ತುಟಿ ನೀಲಿಗಟ್ಟಿ, ಮತ್ತೆ ಆಸ್ಪತ್ರೆಯ ಗಾಜಿನ ತೊಟ್ಟಿಲಿಗೆ ಹೋಗಿ ಬಂದಿದ್ದ. ತಾಯಿಹಾಲು ಬಿಟ್ಟು ಬೇರೇನನ್ನೂ ಬಾಯಿಗೆ ಸೋಕಿಸಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಈಗ ಅದೇ ತಾಯಿಗೆ ಪಿತ್ತಕೋಶದ ಆಪರೇಶನ್. ಆಮೇಲಿನ ಔಷಧಿಗಳು ಮುಗಿಯುವವರೆಗೆ ಅವಳು ಹಾಲೂಡಿಸುವಂತಿಲ್ಲ. ಅದಕ್ಕೇ ಅವಳು ವಾರಗಟ್ಟಲೆ, ಹೊಟ್ಟೆನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, ಹಾಲು ಹಿಂಡಿ ಹಿಂಡಿ ತೆಳುವಾದ ಚೀಲಗಳಲ್ಲಿ ತುಂಬಿ, ಇಟ್ಟಿಗೆ ಜೋಡಿಸಿದಂತೆ ಫ್ರೀಜರಿನಲ್ಲಿ ಜೋಡಿಸಿದ್ದಳು. ಅಷ್ಟು ಹಾಲೇ ಪೈಲ್ವಾನನ ಬರುವ ದಿನಗಳ ಅನ್ನ. ಒಮ್ಮೆ ಕರಗಿತೆಂದರೆ ಮತ್ತೆ ಗಟ್ಟಿ ಮಾಡುವಂತಿಲ್ಲ. ಮರುದಿನದೊಳಗೆ ಕುಡಿಸಿ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.

"ಅತ್ತೆ, ನೀವಿದೀರ ಅನ್ನೋ ಧೈರ್ಯದ ಮೇಲೆ ಹೋಗ್ತಿದೀನಿ," ಎಂದಿದ್ದಳು ಸೊಸೆ, ಕಾರು ಹತ್ತುವಾಗ. ಅಜ್ಜಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಆಯಸ್ಸಿನ ಬಹುಪಾಲು ಪ್ಯಾಕಿಂಗ್ ಮಾಡಿದವಳು, ಸುಲಭಕ್ಕೆ ಬೆದರುವ ಪೈಕಿಯಲ್ಲ. ಆದರೂ ಕಾರು ಮರೆಯಾದೊಡನೆ ಒಳಗೆ ಬಂದು ಫ್ರೀಜರಿನ ವೈರನ್ನು ಮುಟ್ಟಿ ನೋಡಿದಳು.

ಬೀದಿಯಲ್ಲಿ ಹಳೆಯ ಕೇಬಲ್ ತೆಗೆದು ಹೊಸದು ಹಾಕುತ್ತಾರೆ, ಆಪರೇಶನ್ನಿನ ಮರುದಿನ ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ ಎಂದು ಮೊದಲೇ ಪ್ರಕಟಣೆ ಅಂಟಿಸಿದ್ದರು. ಆ ಒಂದು ದಿನಕ್ಕೆಂದೇ ಮಗ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದ. ಚಕ್ರ, ಹಿಡಿ ಎಲ್ಲ ಇದ್ದ, ಪ್ರಯಾಣದ ಸೂಟ್‌ಕೇಸಿನಂಥ ಪೆಟ್ಟಿಗೆ. ಅದರ ವೈರು ಗೋಡೆಗೆ, ಫ್ರೀಜರಿನ ವೈರು ಅದರ ಬೆನ್ನಿಗೆ. ಕರೆಂಟಿದ್ದರೆ ತಾನೂ ತುಂಬಿಕೊಂಡು ಫ್ರೀಜರಿಗೂ ದಾಟಿಸುತ್ತದೆ; ಕರೆಂಟು ಹೋದರೆ ತನ್ನ ಹೊಟ್ಟೆಯಿಂದ ಕೊಡುತ್ತದೆ. ಎಷ್ಟರವರೆಗೆ ತುಂಬಬೇಕು, ಎಷ್ಟು ಬೇಗ ತುಂಬಬೇಕು, ಯಾವ ಹೊತ್ತಿಗೆ ತುಂಬಿ ಯಾವ ಹೊತ್ತಿಗೆ ಖಾಲಿಯಾಗಬೇಕು ಎಂಬುದನ್ನೆಲ್ಲ ಫೋನಿನಲ್ಲೇ ಹೇಳಬಹುದಂತೆ. ಅದಕ್ಕೆ 'ಮೋಡ್' ಅನ್ನುತ್ತಾರೆ. ಅಜ್ಜಿಯದು ಗುಂಡಿ ಒತ್ತುವ ಹಳೆಯ ಫೋನು. ಅವಳೊಬ್ಬಳನ್ನು ಬಿಟ್ಟು ಮನೆಯ ನಾಲ್ವರ ಫೋನಿನಲ್ಲೂ ಆ ಪೆಟ್ಟಿಗೆಯ ಆ್ಯಪ್ ಇತ್ತು.

ಪ್ರಕಟಣೆಯಲ್ಲಿದ್ದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಫ್ರೀಜರು ಉಸಿರು ಹಿಡಿದಂತೆ ಒಂದು ಕ್ಷಣ ಸುಮ್ಮನಾಗಿ, ಮತ್ತೆ ಗುರ್‌ಗುಡತೊಡಗಿತು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಮಗಳು, ಆ ದಿನಕ್ಕೆ ರಜೆ ಹಾಕಿ ಮನೆಯಲ್ಲಿದ್ದವಳು, ಫೋನು ತೆಗೆದು ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮ, ಇದು ಮೂವತ್ನಾಲ್ಕು ತೋರಿಸ್ತಿದೆ."

"ನೂರು ಇತ್ತಲ್ಲೇ?"

"ಇತ್ತು."

"ಮತ್ತೆ?"

ಮಗಳು ಉತ್ತರ ಹೇಳುವ ಬದಲು ಅಪ್ಪನ ಮುಖ ನೋಡಿದಳು. ಅಜ್ಜನಿಗೆ ಆಗಲೇ ಕುರ್ಚಿಯ ಅಡಿಯಲ್ಲಿ ಏನೋ ಹುಡುಕಬೇಕೆನಿಸಿತು. ಬಗ್ಗಿದವನು ಬೇಗ ಏಳಲಿಲ್ಲ.

ಇಬ್ಬರ ಮುಖವೂ ಹುಳ್ಳಹುಳ್ಳಗಾದದ್ದು ಅಜ್ಜಿಯ ಕಣ್ಣು ತಪ್ಪಿಸಲಿಲ್ಲ. ಈ ಮನೆಯವರ ಚಾಳಿ ಅವಳಿಗೆ ಗೊತ್ತಿದ್ದದ್ದೇ. ಕೆಟ್ಟದ್ದು ಮಾಡಿದರೆ ಬಂದು ಹೇಳುತ್ತಾರೆ. ಒಳ್ಳೆಯದು ಮಾಡುವಾಗ ಮಾತ್ರ ಯಾರಿಗೂ ಹೇಳುವುದಿಲ್ಲ. ಕಿಟಕಿಯ ಮೇಲಿನ ಹೂಕುಂಡಕ್ಕೆ ಎಲ್ಲರೂ ಒಬ್ಬರಿಗೊಬ್ಬರು ತಿಳಿಯದಂತೆ ನೀರು ಹಾಕಿ ಹಾಕಿ ಗಿಡ ಕೊಳೆತು ಸತ್ತದ್ದು ಇದೇ ಮನೆಯಲ್ಲಿ. ಆದರೆ ವಿಚಾರಣೆಗೆ ಈಗ ಹೊತ್ತಲ್ಲ.

"ಪೆಟ್ಟಿಗೆಗೆ ಏನೇನು ಸಿಗಿಸಿದೀರೋ ಎಲ್ಲಾ ಕೀಳಿ. ಫ್ರೀಜರೊಂದೇ ಇರಲಿ."

ಫ್ಯಾನು ಕಿತ್ತರು. ದೀಪ ಕಿತ್ತರು. ಕೋಡು ನೆಟ್ಟುಕೊಂಡು ಮಿಣಮಿಣ ಅನ್ನುತ್ತಿದ್ದ ವೈಫೈ ಡಬ್ಬಿಯನ್ನೂ ಮಗಳು ಕಿತ್ತಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಫೋನಿನಲ್ಲಿ ಮೂವತ್ತೊಂದು. ಇನ್ನೊಂದಿಷ್ಟು ಹೊತ್ತಿಗೆ ನೋಡಿದರೂ ಮೂವತ್ತೊಂದೇ. ಆಸ್ಪತ್ರೆಯಿಂದ ಮಗನೇ ಫೋನು ಮಾಡಿದ.

"ಅಪ್ಪ, ನಾನೂ ನೋಡ್ತಿದೀನಿ. ಮೂವತ್ತೊಂದಕ್ಕೆ ಗಟ್ಟಿಯಾಗಿ ನಿಂತ್ಬಿಟ್ಟಿದೆ. ಸಂಜೆವರೆಗೆ ಏನೂ ತೊಂದ್ರೆ ಇಲ್ಲ."

"ಅವಳು ಹೇಗಿದಾಳೆ?"

"ಎಚ್ಚರ ಆಗಿದೆ. ಹಾಲು ಹೇಗಿದೆ ಅಂತಾನೇ ಕೇಳೋದು."

"ಚೆನ್ನಾಗಿದೆ ಅನ್ನು," ಎಂದ ಅಜ್ಜ, ತಾನೇ ಹಾಲು ಕರೆದು ಕೊಟ್ಟವನ ಹಾಗೆ.

ಮನೆಗೆ ಸಮಾಧಾನ ಬಂತು. ಆದರೆ ಫ್ರೀಜರು ಕಣ್ಣೆದುರಿಗೇ ಇರುವಾಗ ಸಮಾಧಾನ ಎಲ್ಲಿ ನಿಲ್ಲುತ್ತದೆ? ನೀರು ಕುಡಿಯಲೆಂದು ಎದ್ದ ಅಜ್ಜ ಮುಚ್ಚಳವನ್ನು ಬೆರಳಷ್ಟು ಎತ್ತಿ ಮೂಗು ತೂರಿಸಿ ನೋಡಿದ. ಅವನು ಬಚ್ಚಲಿಗೆ ಹೋದಾಗ ಮಗಳು ನೋಡಿದಳು. ಮಗಳು ಬಾಲ್ಕನಿಗೆ ಹೋದಾಗ ಅಜ್ಜಿಯೂ ಎತ್ತಿ, ಮೇಲಿನ ಚೀಲವೊಂದನ್ನು ಮುಟ್ಟಿ ನೋಡಿ, ಗಟ್ಟಿಯಿದೆಯೆಂದು ಮುಚ್ಚಿದಳು. ಮತ್ತೆ ಅನುಮಾನ ಬಂದು ಇನ್ನೊಮ್ಮೆ ಎತ್ತಿದಳು. ಪ್ರತಿ ಸಲವೂ ಒಳಗಿನ ತಣ್ಣನೆಯ ಹೊಗೆ ಒಂದಿಷ್ಟು ಹೊರಗೆ ಬಿದ್ದು ನೆಲದ ಮೇಲೆ ಕರಗಿಹೋಗುತ್ತಿತ್ತು.

ಮಧ್ಯಾಹ್ನಕ್ಕೆ ಮುಂಚೆ ಪೈಲ್ವಾನನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಅಜ್ಜಿಗೆ ಏನೋ ಚುಚ್ಚಿದಂತಾಯಿತು.

"ಈಗ ಎಷ್ಟಿದೆ ನೋಡೇ."

"ಮೂವತ್ತೊಂದು."

"ಬೆಳಗಿಂದ ಮೂವತ್ತೊಂದೇನಾ?"

"ಹ್ಞೂಂ. ಒಳ್ಳೇದೇ ಆಯ್ತಲ್ಲ."

"ಅಲ್ಲ ಕಣೇ, ಫ್ರೀಜರು ಗುರ್‌ಗುಟ್ತಾನೇ ಇದೆ. ಅಂದ್ರೆ ತಿಂತಾನೇ ಇದೆ. ತಿಂತಿದ್ರೆ ಪಾತ್ರೆ ಖಾಲಿ ಆಗ್ಬೇಕಲ್ಲ?"

"ಒಳ್ಳೆ ಕಂಪನಿ ಮಾಲು," ಎಂದ ಅಜ್ಜ.

ಅಜ್ಜಿ ಕೂಸನ್ನು ಅವನ ಕೈಗೆ ದಾಟಿಸಿ, ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ಅದರ ಎದೆಯ ಮೇಲೆ ಒಂದು ಕಪ್ಪು ಗಾಜು, ಪಕ್ಕದಲ್ಲೊಂದು ಗುಂಡಿ. ಬೆಳಗಿನಿಂದ ಯಾರೂ ಅದನ್ನು ಒತ್ತಿರಲಿಲ್ಲ. ಫೋನಿದ್ದಾಗ ಪೆಟ್ಟಿಗೆಯ ಮುಖ ನೋಡುವವರಾರು? ಒತ್ತಿದಳು. ಗಾಜು ಬೆಳಗಿತು. ಒಂಬತ್ತು.

ಮಗಳು ಒಮ್ಮೆ ಫೋನು, ಒಮ್ಮೆ ಪೆಟ್ಟಿಗೆ ನೋಡಿ ಹಣೆ ಚಚ್ಚಿಕೊಂಡಳು. "ವೈಫೈ ಕಿತ್ತಿದೀನಿ. ಪೆಟ್ಟಿಗೆ ಫೋನಿಗೆ ಸುದ್ದಿ ಕಳ್ಸೋದೇ ಅದರಿಂದ. ಕೀಳೋವಾಗ ಎಷ್ಟಿತ್ತೋ ಅದನ್ನೇ ಬೆಳಗಿಂದ ನೋಡ್ತಾ ಕೂತಿದೀವಿ ಅಮ್ಮ."

"ಅಂದ್ರೆ ಅವನು ಆಸ್ಪತ್ರೇಲಿ ನೋಡಿದ್ದೂ?"

"ಅದೇ."

ಒಂಬತ್ತು ಇದ್ದದ್ದು, ನೋಡುತ್ತಿದ್ದಂತೆಯೇ, ಎಂಟಾಯಿತು.

ಅಜ್ಜಿ ತನ್ನ ಫೋನಿನಿಂದ ಮಗನಿಗೆ ಮಾಡಿ ವಿಷಯ ಹೇಳಿದಳು. ಆ ಕಡೆ ಗಲಿಬಿಲಿ, ಯಾರೋ ಫೋನು ಕಸಿದುಕೊಂಡ ಸದ್ದು. ಆಮೇಲೆ ಸೊಸೆಯ ಸೋತ ದನಿ ಬಂತು. "ಅತ್ತೆ, ಸ್ಪೀಕರಿಗೆ ಹಾಕಿ. ಯಾವ ಮೋಡಲ್ಲಿದೆ ಅದು?"

ಮಗಳು ಪೆಟ್ಟಿಗೆಯ ಮಗ್ಗುಲಲ್ಲೇ ಕೂತು ಬ್ಲೂಟೂತ್ ಹಚ್ಚಿ ನೋಡಿದಳು. "ಟೈಮ್ ಮೋಡು, ಅತ್ತಿಗೆ."

"ನಾನು ಬರೋ ಮುಂಚೆ ಬ್ಯಾಕಪ್ ಮೋಡಿಗೆ ಹಾಕಿ ನೂರು ತುಂಬಿಸಿಟ್ಟು ಬಂದಿದ್ದೆ. ಯಾರು ಬದಲಾಯಿಸಿದ್ದು?"

ಮಗಳೇ ಮೊದಲು ಬಾಯಿಬಿಟ್ಟಳು. ನಿನ್ನೆ ಸಂಜೆ ತಾನೇ ಟೈಮ್ ಮೋಡಿಗೆ ಹಾಕಿದ್ದು. ಸಂಜೆ ಬೀದಿಯ ಕರೆಂಟು ಮಂಕಾಗುತ್ತದಲ್ಲ, ಆಗ ಫ್ರೀಜರು ಪೆಟ್ಟಿಗೆಯಿಂದ ನಡೆಯಲಿ, ಬೆಳಗಿನ ಜಾವ ಮತ್ತೆ ತುಂಬಿಕೊಳ್ಳುತ್ತದೆ ಎಂದು ಎಣಿಸಿದ್ದಳು. ಅದಕ್ಕೂ ಮೊದಲು ಅಜ್ಜ ಎಂಬತ್ತಕ್ಕೆ ಮಿತಿ ಹಾಕಿದ್ದ.

"ಲಾರಿ ಓಡ್ಸಿದೋನು ನಾನು," ಎಂದ ಅವನು, ಯಾರ ಮುಖವನ್ನೂ ನೋಡದೆ. "ಬ್ಯಾಟರಿಗೆ ಕಂಠಪೂರ್ತಿ ತುಂಬಿಸಿದ್ರೆ ಕುದಿಯುತ್ತೆ. ಮಗು ಮಲಗೋ ಮನೇಲಿ ಅದೆಲ್ಲ ಯಾಕೆ ಅಂತ..."

"ಬೆಳಗಿನ ಜಾವ ತುಂಬಲೇ ಇಲ್ವಾ ಹಾಗಾದ್ರೆ?" ಎಂದಳು ಸೊಸೆ.

ಈಗ ಆಸ್ಪತ್ರೆಯ ಕಡೆಯಿಂದ ಮಗ ಕೆಮ್ಮಿದ. "ತುಂಬೋವಾಗ ಅದರ ಫ್ಯಾನು ಜೋರಾಗಿ ಕೂಗುತ್ತೆ ಕಣೇ. ಪೈಲ್ವಾನ ಏಳ್ತಾನೆ ಅಂತ ನಾನೇ ಇಲ್ಲಿಂದ ಸ್ಲೋ ಚಾರ್ಜಿಗೆ ಹಾಕಿದ್ದೆ."

ಒಬ್ಬರು ಮಿತಿ ಇಳಿಸಿದರು, ಒಬ್ಬರು ಖಾಲಿ ಮಾಡಿಸಿದರು, ಒಬ್ಬರು ತುಂಬದಂತೆ ನೋಡಿಕೊಂಡರು. ಮೂವರದೂ ಪ್ರೀತಿಯೇ. ಬೈಯಲು ಬಾಯಿ ತೆರೆದ ಅಜ್ಜಿಗೆ ಯಾರನ್ನು ಬೈಯುವುದೋ ತಿಳಿಯಲಿಲ್ಲ.

"ಅತ್ತೆ," ಎಂದಳು ಸೊಸೆ. "ಫ್ರೀಜರ್ ತೆಗೆದ್ರಾ?"

"ತೆಗೆದೆ."

"ನೀವು ಮಾತ್ರಾನಾ?"

ಅಜ್ಜಿ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು. "ಎಲ್ಲಾರೂನು."

ಸೊಸೆ ಅಳುತ್ತಾಳೇನೋ ಎಂದುಕೊಂಡರು. ಅವಳು ಅಳಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆಯನ್ನು ಒತ್ತಿಹಿಡಿದು ಮಾತಾಡುತ್ತಿದ್ದಾಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ಪಾರ್ಲರಿನ ಬೀದಿಗೆ ಬೇರೆ ಲೈನು. ಅಲ್ಲಿ ಕರೆಂಟ್ ಇರುತ್ತೆ. ಪೆಟ್ಟಿಗೇನ ತಗೊಂಡ್ಹೋಗಿ ತುಂಬಿಸ್ಕೊಂಡು ಬನ್ನಿ. ಅಲ್ಲಿವರೆಗೆ ಮುಚ್ಚಳಕ್ಕೆ ಯಾರೂ ಕೈ ಹಾಕ್ಬೇಡಿ."

"ಫ್ರೀಜರನ್ನೇ ಹೊತ್ತುಕೊಂಡು ಹೋದ್ರೆ?" ಅಜ್ಜ ಕೇಳಿದ.

"ಎರಡು ಮಹಡಿ ಇಳಿಸ್ಬೇಕು, ಲಿಫ್ಟ್ ಇಲ್ಲ. ವಾಲಿಸಿದ್ರೆ ಅದು ಕೆಡುತ್ತೆ, ಮಾವ."

ಪೆಟ್ಟಿಗೆಯೂ ಹೂವಿನಂತೇನಿರಲಿಲ್ಲ. ಮೆಟ್ಟಿಲಿಳಿಸಲು ಇಬ್ಬರು ಬೇಕು, ಅಜ್ಜನ ಮಂಡಿ ಅವನನ್ನೇ ಹೊರಲು ತಕರಾರು ಮಾಡುವಂಥದ್ದು. ಹಾಗಾಗಿ ಹೊರಡಬೇಕಾದವರು ತಾಯಿ ಮಗಳು. ಕೂಸಿನ ಜೊತೆಗೂ ಫ್ರೀಜರಿನ ಜೊತೆಗೂ ಉಳಿಯಬೇಕಾದವನು ಅಜ್ಜ. ಅಜ್ಜಿಗೆ ಅಷ್ಟರಲ್ಲೇ ಅರ್ಧ ಜೀವ ಹೋಯಿತು. ಮದುವೆಯಾದಾಗಿನಿಂದ ಈ ಮನುಷ್ಯ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡದೆ ಅಡುಗೆಮನೆ ದಾಟಿದ್ದು ಅವಳು ಕಂಡಿರಲಿಲ್ಲ. ಬೆಳಿಗ್ಗೆ ಕರಗಿಸಿಟ್ಟಿದ್ದ ಹಾಲಿನ ಬಾಟಲಿಯನ್ನು ಅವನ ಪಕ್ಕಕ್ಕಿಟ್ಟು, ಮನೆಯಲ್ಲಿದ್ದ ರಜಾಯಿಗಳನ್ನೆಲ್ಲ ಫ್ರೀಜರಿನ ಮೇಲೆ ಹೊದಿಸಿ, ವೈರು ಕಿತ್ತಳು. ಗುರ್‌ಗುಡುವ ಸದ್ದು ನಿಂತಿತು. ಮನೆ ಇದ್ದಕ್ಕಿದ್ದಂತೆ ದೊಡ್ಡದಾದಂತೆ ಕಂಡಿತು.

"ರೀ, ಕೈ."

"ಕೈಗೇನಾಯ್ತು?"

"ಮುಚ್ಚಳದ ಹತ್ತಿರ ಹೋಗ್ಬಾರ್ದು."

"ನಾನೇನು ಮಗೂನಾ?"

"ಮಗು ಸುಮ್ನೆ ಮಲಗಿದೆ."

ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಪೆಟ್ಟಿಗೆ ಇಬ್ಬರ ಬೆರಳನ್ನೂ ಗೋಡೆಗೆ ಉಜ್ಜಿತು. ಕೆಳಗೆ ಬೀದಿಯನ್ನು ಉದ್ದಕ್ಕೂ ಸೀಳಿ ಹಾಕಿದ್ದರು. ಹಲಗೆ ಹಾಸಿದ ಜಾಗದಲ್ಲಿ ಪೆಟ್ಟಿಗೆಯ ಚಕ್ರ ಸಿಕ್ಕಿಕೊಂಡಾಗ, ಕಂದಕದೊಳಗಿಂದ ಹಳದಿ ಟೊಪ್ಪಿಗೆಯ ಕೆಲಸದವನೊಬ್ಬ ತಲೆಯೆತ್ತಿದ.

"ಅಜ್ಜಿ, ಸೂಟ್‌ಕೇಸ್ ಹಿಡ್ಕೊಂಡು ಊರು ಬಿಟ್ಟು ಹೊರಟ್ರಾ?"

"ಹೌದಪ್ಪ. ನೀವು ಕರೆಂಟ್ ಕೊಟ್ಮೇಲೆ ವಾಪಸ್ ಬರ್ತೀವಿ."

ಅವನು ನಗುತ್ತ ಮೇಲೆ ಬಂದು, ಒಂದು ಕಡೆ ಹಿಡಿದು ದಾಟಿಸಿಕೊಟ್ಟ. "ಸಂಜೆ ಆಗುತ್ತಮ್ಮ ಇನ್ನೂ," ಎಂದ. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ.

ಪಾರ್ಲರಿನಲ್ಲಿ ಕರೆಂಟಿತ್ತು. ಇಬ್ಬರು ಹೆಂಗಸರು ತಲೆಯ ಮೇಲೆ ಡ್ರೈಯರು ಹೊತ್ತು ಕೂತಿದ್ದರು. ಇನ್ನೊಬ್ಬರು, ಹತ್ತಿರದ ಸಂಗೀತ ಶಾಲೆಯ ಟೀಚರು, ಕೂದಲಿಗೆ ಕಪ್ಪು ಬಣ್ಣ ಮೆತ್ತಿಸಿಕೊಂಡು ಕಾಯುತ್ತಿದ್ದರು. ಪಾರ್ಲರಿನ ಒಡತಿ ಕತ್ತರಿ ಹಿಡಿದೇ ತಿರುಗಿದಳು.

"ರಜೆ ಹಾಕಿದೋಳು ಸಾಮಾನು ಸಮೇತ ಬಂದಿದೀಯಲ್ಲ."

"ಮೇಡಂ, ಸ್ವಲ್ಪ ಚಾರ್ಜ್ ಮಾಡ್ಕೋತೀವಿ. ಮಗುವಿನ ಹಾಲು..." ಮಗಳು ವಿವರಿಸುತ್ತಲೇ ವೈರು ಸಿಗಿಸಿ, ಫೋನಿನಲ್ಲಿ ಸ್ಲೋ ಚಾರ್ಜು ತೆಗೆದು ಫಾಸ್ಟ್ ಚಾರ್ಜಿಗೆ ಒತ್ತಿದಳು. ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯ ಫ್ಯಾನು ಭೋರೆಂದಿತು, ಗೋಡೆಯೊಳಗೆಲ್ಲೋ ಟಪ್ ಅಂದಿತು, ಅಂಗಡಿ ಇಡೀ ಕತ್ತಲಾಯಿತು. ಡ್ರೈಯರಿನ ಕೆಳಗಿದ್ದವರು ಒಟ್ಟಿಗೆ ತಲೆ ಹೊರಗೆ ಹಾಕಿದರು.

ಒಡತಿ ಫ್ಯೂಸಿನ ಪೆಟ್ಟಿಗೆಯ ಹತ್ತಿರ ಹೋಗಿ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ಬೆಳಕು ಬಂತು. ಮಗಳ ಕಡೆ ತಿರುಗಿದಳು. "ಗಿರಾಕಿಗಳ ತಲೆ ಮೇಲೆ ಪ್ರಯೋಗ ಮಾಡ್ಬೇಡ. ಸ್ಲೋ ಇದ್ರೆ ಅದಕ್ಕೇ ಹಾಕು, ಇಲ್ಲಾಂದ್ರೆ ಎತ್ಕೊಂಡು ಹೋಗು."

ಸ್ಲೋಗೆ ಹಾಕಿದರು. ಎಂಟು. ಎಷ್ಟೋ ಹೊತ್ತಿನ ಮೇಲೆ ಒಂಬತ್ತು. ಈ ಲೆಕ್ಕದಲ್ಲಿ ಪೆಟ್ಟಿಗೆ ತುಂಬುವುದಕ್ಕೂ ಬೀದಿಗೆ ಕರೆಂಟು ಬರುವುದಕ್ಕೂ ಸರಿಹೋಗುತ್ತಿತ್ತು. ಅಷ್ಟರಲ್ಲಿ ಫ್ರೀಜರಿನೊಳಗೆ ಉಳಿಯುವುದು ಹಾಲಿನ ಮಡು. ಅಜ್ಜಿ ಒಡತಿಯ ಮುಂದೆ ಹೋಗಿ ನಿಂತಳು.

"ನೋಡಮ್ಮ, ಆ ಮಗುವಿಗೆ ಬೇರೆ ಹಾಲು ಆಗಲ್ಲ. ತಾಯಿ ಆಸ್ಪತ್ರೇಲಿ ಮಲಗಿದಾಳೆ. ಕರಗಿಹೋದ್ರೆ ನಾಡಿದ್ದು ಅದಕ್ಕೆ ಏನು ಕೊಡೋದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಡ್ರೈಯರು ಸ್ವಲ್ಪ ಹೊತ್ತು ನಿಲ್ಸೋಕಾಗುತ್ತಾ?"

ಒಡತಿ ಗಿರಾಕಿಗಳ ಕಡೆ ನೋಡಿದಳು. ಡ್ರೈಯರಿನ ಕೆಳಗಿನ ಹೆಂಗಸರು ಆಗಲೇ ಎದ್ದು ಟವಲು ಸುತ್ತಿಕೊಳ್ಳುತ್ತಿದ್ದರು. "ಕೂದಲು ತಾನಾಗೇ ಒಣಗುತ್ತೆ," ಎಂದಳು ಒಬ್ಬಳು. ಟೀಚರು ಮಾತ್ರ ಕನ್ನಡಿ ನೋಡಿಕೊಂಡು, "ನನ್ನ ಬಣ್ಣ ತೊಳೆಯೋಕೆ ಬಿಸಿನೀರು ಬೇಕಲ್ಲಪ್ಪ," ಎಂದರು, ಒಂದು ಕ್ಷಣ ಬಿಟ್ಟು, "ತಣ್ಣೀರಾದ್ರೂ ಪರವಾಗಿಲ್ಲ. ನೆಗಡಿಯಾದ್ರೆ ನಾಳೆ ಪಾಠ ಇಲ್ಲ ಅಂತ ಮಕ್ಕಳಿಗೆ ಖುಷಿ."

ಡ್ರೈಯರು ನಿಂತವು, ಗೀಸರು ನಿಂತಿತು. ಮಗಳ ಬೆರಳು ಮತ್ತೆ ಫಾಸ್ಟ್ ಚಾರ್ಜಿನ ಕಡೆ ಓಡಿತು. ಅಜ್ಜಿ ಆ ಕೈ ಹಿಡಿದಳು.

"ಬಾಯಲ್ಲಿ ಹೇಳಿ ಮಾಡು."

"ಏನು?"

"ಏನು ಮಾಡ್ತೀಯೋ ಅದನ್ನ. ಮೊದ್ಲು ಹೇಳು, ಆಮೇಲೆ ಒತ್ತು. ಒಂದೇ ಸಲ ಮೇಲಕ್ಕೆ ಹಾರ್ಬೇಡ. ಮಧ್ಯ ಮೆಟ್ಟಿಲಿಲ್ವಾ ಇದರಲ್ಲಿ?"

ಮಧ್ಯೆ ಮೆಟ್ಟಿಲಿದ್ದವು. ಎಷ್ಟು ಕರೆಂಟು ಎಳೆಯಬೇಕೆಂದು ಬೆರಳಲ್ಲಿ ಜರುಗಿಸುವ ಗೆರೆಯೊಂದಿತ್ತು. ಒಡತಿ ಫ್ಯೂಸಿನ ಪೆಟ್ಟಿಗೆಯ ಬಾಗಿಲು ತೆಗೆದು, ಕೈ ಮೇಲಿಟ್ಟು ನಿಂತಳು.

"ಒಂದು ಮೆಟ್ಟಿಲು ಏರಿಸ್ತೀನಿ," ಎಂದಳು ಮಗಳು.

"ಏರಿಸು."

ಫ್ಯಾನಿನ ಸದ್ದು ಸ್ವಲ್ಪ ಹೆಚ್ಚಿತು. ದೀಪ ಹಾಗೇ ಇತ್ತು.

"ಇನ್ನೊಂದು."

"ಹ್ಞೂಂ."

"ಇನ್ನೊಂದು ಏರಿಸ್ತೀನಿ, ಮೇಡಂ."

ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಬಣ್ಣ ಮೆತ್ತಿದ ಟೀಚರೂ ಕತ್ತು ಚಾಚಿ ನಿಂತಿದ್ದರು. ಒಡತಿ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ನೋಡಿದಳು. "ಬಿಸಿಯಾಗ್ತಿದೆ. ಇಷ್ಟಕ್ಕೇ ನಿಲ್ಸು."

ಅಲ್ಲಿಗೇ ನಿಲ್ಲಿಸಿದರು. ಹನ್ನೆರಡು, ಹದಿಮೂರು, ಹದಿನೈದು. ಅಂಕಿಗಳು ಈಗ ನಡೆಯತೊಡಗಿದವು. ಅಜ್ಜಿ ಮನೆಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದಳು. ಎತ್ತಲಿಲ್ಲ.

ಅವಳ ಕಣ್ಣಮುಂದೆ ಏನೇನೋ ಸುಳಿಯಿತು. ಕೂಸಿಗೆ ಹಾಲು ನೆತ್ತಿಗೇರಿತೋ? ಇವನು ಮಂಡಿ ತಪ್ಪಿ ಬಿದ್ದನೋ? ಇಲ್ಲಾ, ರಜಾಯಿ ಸರಿಸಿ, ಮುಚ್ಚಳ ಎತ್ತಿ, ಒಂದೊಂದೇ ಚೀಲ ಹಿಚುಕಿ ನೋಡುತ್ತ ನಿಂತಿದ್ದಾನೋ? ಕೊನೆಯದೇ ಅವನ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತಿತ್ತು.

"ಅಮ್ಮ, ನೀನು ಹೋಗು, ನಾನಿರ್ತೀನಿ," ಎಂದಳು ಮಗಳು.

"ಇದನ್ನ ಒಬ್ಬಳೇ ಮೇಲಕ್ಕೆ ಹೊರ್ತೀಯಾ?"

ಟೀಚರು ತಣ್ಣೀರಲ್ಲಿ ತಲೆ ತೊಳೆಸಿಕೊಂಡು, ಹಲ್ಲು ಕಟಕಟ ಅನ್ನಿಸುತ್ತ, ಆದರೂ ಹೋಗದೆ ಅಂಕಿ ನೋಡುತ್ತ ಕೂತರು. ನಲವತ್ತು ದಾಟಿತು. ಅಜ್ಜಿ ಮೂರನೆಯ ಸಲ ಫೋನು ಮಾಡಿದಳು. ಅದೇ ಗಂಟೆ, ಅದೇ ಮೌನ. ಅಂಕಿ ಐವತ್ತಕ್ಕೆ ಬರುವ ಹೊತ್ತಿಗೆ ಅವಳು ಎದ್ದೇಬಿಟ್ಟಳು.

"ಸಾಕು, ನಡಿ. ಸಂಜೆವರೆಗೆ ಇದು ಎಳೆಯುತ್ತೆ."

ವಾಪಸಿನ ದಾರಿಯಲ್ಲಿ ಇಬ್ಬರೂ ಪೆಟ್ಟಿಗೆಯನ್ನು ಓಡುನಡಿಗೆಯಲ್ಲೇ ಎಳೆದರು. ಹಳದಿ ಟೊಪ್ಪಿಗೆಯವನು ಕೇಳದೆಯೇ ಬಂದು ಹಲಗೆ ದಾಟಿಸಿದ. ಮೆಟ್ಟಿಲಿನ ಅರ್ಧದಲ್ಲಿ ಮಗಳ ಕೈ ಜಾರಿ ಪೆಟ್ಟಿಗೆ ದಢ್ ಎಂದು ಕುಕ್ಕರಿಸಿತು. ಅಜ್ಜಿ ಅದರ ಕೆಳಗೆ ತೊಡೆ ಕೊಟ್ಟು ತಡೆದಳು. ನೋವಿಗೆ ಕಣ್ಣಲ್ಲಿ ನೀರು ಚಿಮ್ಮಿತು. ಗುಂಡಿ ಒತ್ತಿ ನೋಡಿದರು, ಗಾಜು ಬೆಳಗಿತು. ಮತ್ತೆ ಎತ್ತಿದರು.

ಬಾಗಿಲು ತೆಗೆದರೆ, ಅಜ್ಜ ಫ್ರೀಜರಿನ ಮುಚ್ಚಳದ ಮೇಲೆ, ರಜಾಯಿಗಳ ರಾಶಿಯ ಮೇಲೆ, ಪಟ್ಟಕ್ಕೆ ಕೂತ ರಾಜನಂತೆ ಕೂತಿದ್ದ. ಪೈಲ್ವಾನ ಅವನ ಎದೆಗೊರಗಿ ನಿದ್ದೆ ಹೋಗಿದ್ದ. ಫೋನು ದೂರದ ಮೇಜಿನ ಮೇಲಿತ್ತು.

"ಯಾಕ್ರೀ ಎತ್ತಲಿಲ್ಲ? ನನ್ನ ಜೀವಾನೇ ಹೋಗಿತ್ತು."

"ಮೆಲ್ಲಗೆ ಮಾತಾಡು," ಎಂದು ಪಿಸುಗುಟ್ಟಿದ ಅಜ್ಜ. "ಎದ್ರೆ ಇವನು ಏಳ್ತಾನೆ." ತುಸು ತಡೆದು, ಮುಖ ಆ ಕಡೆ ಮಾಡಿಕೊಂಡು ಹೇಳಿದ, "ಅದೂ ಅಲ್ದೆ, ಎದ್ರೆ ತೆಗೆದು ನೋಡ್ತೀನಿ ಅಂತ ನನಗೇ ಗೊತ್ತಿತ್ತು. ಅದಕ್ಕೇ ಇದರ ಮೇಲೇ ಕೂತ್ಬಿಟ್ಟೆ."

ಅಜ್ಜಿ ಕೂಸನ್ನು ಮೆಲ್ಲಗೆ ತೆಗೆದು ಹಾಸಿಗೆಯ ಮೇಲೆ ಮಲಗಿಸಿದಳು. ಆಮೇಲೆ ಗಂಡನ ರಟ್ಟೆ ಹಿಡಿದು ಇಳಿಸಿದಳು. ಅವನ ಕಾಲು ಜೋಮು ಹಿಡಿದು ನೆಲಕ್ಕೆ ಊರುತ್ತಿರಲಿಲ್ಲ.

ಫ್ರೀಜರಿನ ವೈರು ಪೆಟ್ಟಿಗೆಗೆ ಹೋಯಿತು. ಗುರ್ ಎಂಬ ಸದ್ದು ಮನೆಗೆ ವಾಪಸು ಬಂತು. ಮಗಳು ಫೋನು ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಟೈಮ್ ಮೋಡ್ ತೆಗೀತಿದೀನಿ. ಬ್ಯಾಕಪ್ ಮೋಡಿಗೆ ಹಾಕ್ತಿದೀನಿ. ಅಪ್ಪ, ನಿನ್ನ ಎಂಬತ್ತೂ ತೆಗೀತಿದೀನಿ."

"ತೆಗಿ," ಎಂದ ಅಜ್ಜ.

ಸೊಸೆಗೆ ಫೋನು ಮಾಡಿದರು. ಅವಳು ಎಲ್ಲ ಕೇಳಿಸಿಕೊಂಡು, "ಈಗ ಮುಚ್ಚಳ ತೆಗೀಬೇಡಿ ಅತ್ತೆ. ತಣ್ಣಗಾಗ್ಲಿ ಮೊದಲು," ಎಂದಳು.

ಅಜ್ಜಿ ಸ್ವಲ್ಪ ಹೊತ್ತು ಫ್ರೀಜರನ್ನೇ ನೋಡುತ್ತ ನಿಂತಳು. "ಅಲ್ಲ ಕಣಮ್ಮ. ಮೇಲಿನ ಚೀಲ ಏನಾದ್ರೂ ಕರಗಿದ್ರೆ, ಸಂಜೆಯೊಳಗೆ ಅದು ಮತ್ತೆ ಗಟ್ಟಿಯಾಗಿಬಿಡುತ್ತೆ. ಆಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ. ಕೆಟ್ಟಿದ್ದು ಯಾವುದು, ಚೆನ್ನಾಗಿರೋದು ಯಾವುದು ಅಂತ ನಾನು ಹೇಗೆ ಹೇಳ್ಲಿ? ಅದನ್ನ ಇವನ ಬಾಯಿಗೆ ಹೇಗೆ ಇಡ್ಲಿ?"

ಆ ಕಡೆಯಿಂದ "ಒಂದೇ ಸಲ ತೆಗೀರಿ," ಎಂಬ ದನಿ ಬಂತು.

ಮಗಳು ಪಾತ್ರೆ ಹಿಡಿದು ನಿಂತಳು. ಅಜ್ಜ ಕಣ್ಣು ಮುಚ್ಚಿಕೊಂಡ. ಅಜ್ಜಿ ಮುಚ್ಚಳ ಎತ್ತಿ, ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಬಂದದ್ದನ್ನು ಆರಿಸುವ ವೇಗದಲ್ಲಿ ಚೀಲಗಳ ಮೇಲೆ ಹೆಬ್ಬೆರಳು ಓಡಿಸಿದಳು. ಮೇಲಿನ ಸಾಲು ಹೆಬ್ಬೆರಳಿಗೆ ತಗ್ಗಿತು. ಒಂದು, ಅದರ ಪಕ್ಕದ್ದು, ಅದರಾಚೆಯದು. ಎಲ್ಲವೂ ಒಳಗೆ ಕಳಕಳ ಅಂದವು. ಅಷ್ಟನ್ನೂ ಪಾತ್ರೆಗೆ ಹಾಕಿದಳು. ಅದರ ಕೆಳಗಿನ ಸಾಲಿಗೆ ಹೆಬ್ಬೆರಳು ಒತ್ತಿದಳು. ಉಗುರು ನೋಯಿತು. ಅಂಚಿಗೆ ಕೈ ತೂರಿಸಿ ಅದರ ಕೆಳಗಿನದನ್ನೂ ಒತ್ತಿದಳು. ಮುಚ್ಚಳ ಹಾಕಿದಳು.

"ಅತ್ತೆ?"

"ಮೇಲಿನ ಸಾಲು ಹೋಯ್ತು ಕಣಮ್ಮ. ಇವತ್ತು ನಾಳೆಗೆ ಕುಡಿದಷ್ಟು ಕುಡಿಸ್ತೀನಿ. ಮಿಕ್ಕಿದ್ದು ಚೆಲ್ಬೇಕು."

ಸೊಸೆ ಆಗ ಅತ್ತಳು. ದೊಡ್ಡದಾಗಿ ಅತ್ತರೆ ಹೊಲಿಗೆ ನೋಯುತ್ತದೆಂದು ಬಿಟ್ಟು ಬಿಟ್ಟು, ಉಸಿರು ಹಿಡಿದುಕೊಂಡು ಅತ್ತಳು. ಆ ಒಂದು ಸಾಲಿಗೆ ಅವಳು ಎಷ್ಟು ಸಲ ಗೋಡೆಗೊರಗಿ ಕೂತಿದ್ದಳೆಂಬುದು ಅಜ್ಜಿಗೆ ಗೊತ್ತಿತ್ತು. ಸಮಾಧಾನ ಹೇಳಹೋಗದೆ, ಅವಳ ಅಳು ಮುಗಿಯುವವರೆಗೆ ಫೋನು ಕಿವಿಗೆ ಹಿಡಿದೇ ಇದ್ದಳು.

"ಕೆಳಗಿನದು?"

"ಕಲ್ಲು. ಎರಡೂ ಸಾಲು ಕಲ್ಲಿನ ಹಾಗಿದೆ. ಒತ್ತಿ ನೋಡಿದೀನಿ."

"ನಿಜ ತಾನೇ ಅತ್ತೆ?"

"ಹೋಗಿದ್ದನ್ನ ಹೋಯ್ತು ಅಂತ ಹೇಳ್ಲಿಲ್ವಾ?"

ಸದ್ದಿಗೋ ಹಸಿವಿಗೋ ಪೈಲ್ವಾನ ಎಚ್ಚೆತ್ತು, ಮೊದಲು ಮುಖ ಕೆಂಪಗೆ ಮಾಡಿ, ಆಮೇಲೆ ಬಾಯಿ ತೆರೆದ. ಅಜ್ಜಿ ಕರಗಿದ ಚೀಲವೊಂದನ್ನು ಒಲೆಯ ಮೇಲಿನ ಬೆಚ್ಚನೆಯ ನೀರಲ್ಲಿ ಅದ್ದಿ, ಮಣಿಕಟ್ಟಿಗೆ ಹನಿ ಬಿಟ್ಟುಕೊಂಡು ನೋಡಿ, ಬಾಟಲಿಗೆ ಸುರಿದು ಕೂತಳು. ಅವನು ನಿಪ್ಪಲನ್ನು ಕಚ್ಚಿದವನೇ ಸುಮ್ಮನಾದ.

"ಕುಡೀತಿದಾನಾ?"

"ಕುಡೀತಿದಾನೆ."

"ಫೋನು ಅವನ ಹತ್ತಿರ ಹಿಡೀರಿ."

ಅಜ್ಜಿ ಹಿಡಿದಳು. ಚಪ್, ಚಪ್, ಉಸಿರು, ಮತ್ತೆ ಚಪ್. ಬಾಟಲಿಯ ತಳದಲ್ಲಿ ಗಾಳಿ ಸೊರ್‌ಗುಟ್ಟುವವರೆಗೆ ಅಜ್ಜಿಯ ತೋಳು ಅಲುಗಲಿಲ್ಲ.